ಜನರೇಟರಿಗೆ ಹಾಕಿದ ಮಡಿವಾಳರ ಗುರುತು

ಕಳೆದ ತಿಂಗಳು ನಾಲ್ಕೈದು ಜನ ನಮ್ಮ ಮನೆಗೆ ಬಂದಿದ್ದರು. ಎಲ್ಲರೂ ಚನ್ನಗಿರಿಯ ಜನರೇಟರ್ ಬಾಡಿಗೆ ಅಂಗಡಿಗಳಲ್ಲಿ ಈಗ ಕೆಲಸ ಮಾಡುವವರು. ನನ್ನ ಹೆಂಡತಿ ಗಂಗಮ್ಮ ತೀರಿಕೊಂಡ ಸುದ್ದಿ ಅವರಿಗೆ ತಡವಾಗಿ ತಿಳಿದಿತ್ತು. ಮಾತನಾಡಿಸಲು ಬಂದವರು ಆಮೇಲೆ ಕೆಲಸದ ಮಾತು ತೆಗೆದರು. ಈಗ ಮಿಷನ್ನಿನೊಳಗೆ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಯೊಂದನ್ನು ಕೂರಿಸುತ್ತಾರಂತೆ. ಮಿಷನ್ ಎಲ್ಲಿದ್ದರೂ ಫೋನಿನಲ್ಲಿ ಕಾಣುತ್ತದಂತೆ. "ನಿಮ್ಮ ಕಾಲದಾಗೆ ಹೆಂಗೆ ಕಾಯ್ತಿದ್ರಿ ಹನುಮಂತಣ್ಣ?" ಎಂದು ಅವರಲ್ಲಿ ಒಬ್ಬರು ಕೇಳಿದರು.

ನನಗೆ ಅವತ್ತು ಉತ್ತರ ಹೇಳಲು ಆಗಲಿಲ್ಲ. ಆ ಮಾತು ಹೇಳಹೊರಟರೆ ಗಂಗಮ್ಮನ ಹೆಸರು ಬರುತ್ತದೆ, ಹೆಸರು ಬಂದರೆ ಮಾತು ಮುಂದೆ ಹೋಗುವುದಿಲ್ಲ. ಬರೆದುಕೊಡುತ್ತೇನೆ ಎಂದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ, ನಿಲ್ಲಿಸಿ ನಿಲ್ಲಿಸಿ ಬರೆಯಬಹುದು.

ನಾನು ಉಬ್ರಾಣಿಯವನು. ನಮ್ಮದು ಮಡಿವಾಳರ ಮನೆ. ಅಪ್ಪ ಊರಿನ ಬಟ್ಟೆ ಒಗೆಯುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ನಾನು ಚನ್ನಗಿರಿಗೆ ಬಂದು, ಲೈಟು ಮತ್ತು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಗೆ ಸೇರಿದೆ. ಎಪ್ಪತ್ತರ ದಶಕದ ನಡುಭಾಗ ಅದು. ಅಂಗಡಿಯ ಮಾಲೀಕರು ಮಹೇಶ್ವರಪ್ಪನವರು. ಮುಖ್ಯ ವ್ಯಾಪಾರ ಅಡಿಕೆಯದು, ಲೈಟಿನ ಅಂಗಡಿ ಅವರಿಗೆ ಒಂದು ಹುಚ್ಚು. ನಾವೆಲ್ಲ ಅವರನ್ನು ಧಣಿ ಎನ್ನುತ್ತಿದ್ದೆವು.

ಆಗಿನ ಜನರೇಟರ್ ಒಂದು ಸಣ್ಣ ಟ್ರಂಕಿನಷ್ಟು ಇರುತ್ತಿತ್ತು. ಹಗ್ಗ ಸುತ್ತಿ ಎಳೆದು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಇಬ್ಬರು ಹಿಡಿದರೆ ಎತ್ತಿಕೊಂಡು ಹೋಗಬಹುದು. ಅದೇ ಅದರ ಗುಣ, ಅದೇ ಅದರ ದೋಷ. ನಾವು ಎತ್ತುವಷ್ಟು ಸುಲಭವಾಗಿ ಕಳ್ಳನೂ ಎತ್ತುತ್ತಾನೆ. ಮೊದಲ ವರ್ಷದಲ್ಲೇ ನಾನು ಕಲಿತದ್ದು ಇಷ್ಟು: ಓಡುತ್ತಿರುವ ಮಿಷನ್ನಿನ ಹತ್ತಿರ ಕಳ್ಳ ಬರುವುದಿಲ್ಲ. ಅದರ ಸದ್ದು ನಿಂತರೆ ಇಡೀ ಚಪ್ಪರ ತಿರುಗಿ ನೋಡುತ್ತದೆ. ಕೆಲಸ ಮುಗಿದು ತಣ್ಣಗಾಗಿ ಗೋಡೆ ಪಕ್ಕ ಕೂತಿರುತ್ತದಲ್ಲ, ಆಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೋಗುವುದು ಆಗಲೇ.

ಆದರೆ ನನ್ನ ಕೈಯಿಂದ ಮೊದಲ ಸಲ ಮಿಷನ್ ಹೋದದ್ದು ಕಳ್ಳತನದಿಂದಲ್ಲ. ಹೊನ್ನಾಳಿ ಹತ್ತಿರದ ಒಂದು ಊರಿನಲ್ಲಿ ಮದುವೆ. ಮುಹೂರ್ತ ಮುಗಿದ ಮೇಲೆ ಮಿಷನ್ ಒರೆಸಿ ಇಡುವುದು ನನ್ನ ಅಭ್ಯಾಸ. ಆ ಮನೆಯ ಹೆಂಗಸರು ಬೆಳಿಗ್ಗೆಯೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದ್ದರು. ಫಳಫಳ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಹೆಣ್ಣಿಗೆ ಕೊಡುವ ಬೀರು, ಮಂಚ, ಕೊಡಪಾನ ಇಟ್ಟಿದ್ದರು. ನಾನು ಊಟ ಮಾಡಿ ಬರುವಷ್ಟರಲ್ಲಿ ಬೀರುವಿನ ಜೊತೆ ಮಿಷನ್ನೂ ಗಂಡಿನ ಕಡೆಯ ಟ್ರ್ಯಾಕ್ಟರ್ ಹತ್ತಿ ಹೋಗಿತ್ತು.

ನಾನೂ ಅಂಗಡಿಯಲ್ಲಿ ಮೈಕ್ ನೋಡಿಕೊಳ್ಳುತ್ತಿದ್ದ ಖಾದರೂ ಒಂದೇ ಸೈಕಲ್ಲಿನಲ್ಲಿ ಬೆನ್ನು ಹತ್ತಿದೆವು. ಹೋಗಿ ನೋಡಿದರೆ ಮಿಷನ್ ಜಗಲಿಯ ಮೇಲೆ ಕೂತಿದೆ. ಮದುಮಗನ ಅಪ್ಪ ನೆರೆಯವರನ್ನು ಕರೆದು ತೋರಿಸುತ್ತಿದ್ದಾರೆ.

"ಎಲ್ಲಾರ ಬೀಗರೂ ಪಾತ್ರೆ ಕೊಡ್ತಾರೆ. ನಮ್ಮ ಬೀಗರು ಕರೆಂಟೇ ಕಟ್ಟಿ ಕಳಿಸ್ಯಾರೆ ನೋಡ್ರಿ."

ಅದು ನಮ್ಮ ಅಂಗಡಿಯದು ಎಂದೆ. ಅವರ ಮುಖ ಸಣ್ಣಗಾಯಿತು. "ಕೊಟ್ಟ ಸಾಮಾನು ವಾಪಸ್ ಕೇಳಾಕೆ ಮಧ್ಯಾಹ್ನಕ್ಕೇ ಬಂದಿರೇನಪ್ಪ? ನಿಮ್ಮದು ಅನ್ನಾಕೆ ಏನೈತೆ ಇದರ ಮೇಲೆ?"

ಏನೂ ಇರಲಿಲ್ಲ. ಹೆಸರಿಲ್ಲ, ನಂಬರಿಲ್ಲ. ಆಗ ಹೊಸ ಮದುಮಗಳು ಬಾಗಿಲಿಗೆ ಬಂದು, ತಲೆ ಎತ್ತದೆ, "ಮಾವ, ಅದು ಬಾಡಿಗೇದು. ನಮ್ಮಪ್ಪನೂ ಅದನ್ನ ನಿನ್ನೇನೇ ಮೊದಲು ನೋಡಿದ್ದು" ಎಂದಳು. ಜಗಲಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಮಾವನೂ ನಕ್ಕರು, ನಮಗೆ ಮಜ್ಜಿಗೆ ಕೊಡಿಸಿ, ಮಿಷನ್ನನ್ನು ಅದೇ ಟ್ರ್ಯಾಕ್ಟರಿನಲ್ಲಿ ವಾಪಸ್ ಕಳಿಸಿದರು. ಆ ಹುಡುಗಿ ಅತ್ತೆಮನೆಯಲ್ಲಿ ಆಡಿದ ಮೊದಲ ಮಾತು ನನಗಾಗಿ ಆಡಿದ್ದು. ಆಕೆಯ ಹೆಸರೂ ನನಗೆ ತಿಳಿಯದು. ಎಲ್ಲಿದ್ದರೂ ಚೆನ್ನಾಗಿರಲಿ.

ಇದಾದ ಮೇಲೆ ಧಣಿ ಎಲ್ಲ ಮಿಷನ್ನುಗಳ ಮೇಲೂ ಅಂಗಡಿಯ ಹೆಸರನ್ನು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದರು. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಗಂಗಮ್ಮ ಗೋವಿನಕೋವಿಯ ಮಡಿವಾಳರ ಮಗಳು. ಒಂದು ದಿನ ನನಗೆ ಊಟ ತಂದವಳು ಆ ಕೆಂಪು ಅಕ್ಷರ ನೋಡಿ, "ಇದೇನು?" ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಗುರುತು. ಕಳ್ಳ ಒಯ್ದರೆ ಗೊತ್ತಾಗಾಕೆ."

"ಇಷ್ಟು ದೊಡ್ಡಕ್ಕೆ ಬರೆದ್ರೆ, ಎಲ್ಲಿ ಕೆರೀಬೇಕು ಅಂತ ಕಳ್ಳನಿಗೆ ನೀವೇ ತೋರಿಸಿದಂಗಾತು. ನಿಮ್ಮಪ್ಪ ಬಟ್ಟೆಗೆ ಗುರುತು ಎದೆ ಮ್ಯಾಲೆ ಹಾಕ್ತಿದ್ನಾ?"

ನಮ್ಮವರು ಕೇರುಬೀಜದ ಕಪ್ಪು ಎಣ್ಣೆಯಲ್ಲಿ ಪ್ರತಿ ಮನೆಯ ಬಟ್ಟೆಗೂ ಒಂದು ಗುರುತು ಹಾಕುತ್ತಾರೆ. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಚುಕ್ಕಿಯ ಕೆಳಗೆ ಗೀಟು. ಅಂಚಿನ ಮಡಿಕೆಯ ಒಳಗೆ ಹಾಕುತ್ತಾರೆ, ಉಟ್ಟವರಿಗೂ ಅದು ಕಾಣುವುದಿಲ್ಲ. ಗಂಗಮ್ಮನ ತಲೆಯಲ್ಲಿ ಇಡೀ ಊರಿನ ಮನೆಗಳ ಗುರುತು ಇತ್ತು. ನಾನು ಆ ಮನೆತನದಲ್ಲೇ ಹುಟ್ಟಿ, ನಾಲ್ಕಕ್ಷರ ಕಲಿತ ಮೇಲೆ ಅದನ್ನು ಮರೆತಿದ್ದೆ.

ಆ ವಾರವೇ ಒಂದು ಮಧ್ಯಾಹ್ನ, ಸಣ್ಣ ಉಳಿ ಮತ್ತು ಸುತ್ತಿಗೆಯಿಂದ ಪ್ರತಿ ಮಿಷನ್ನಿನ ಫ್ಯಾನ್ ಮುಚ್ಚಳದ ಒಳಮೈಗೆ ಗುರುತು ಹೊಡೆದೆವು. ಮೊದಲನೆಯದಕ್ಕೆ ಒಂದು ಗೀಟು, ಒಂದು ಚುಕ್ಕಿ. ಎರಡನೆಯದಕ್ಕೆ ಒಂದು ಗೀಟು, ಎರಡು ಚುಕ್ಕಿ. ಹೀಗೆ ಐದು ಮಿಷನ್. ಅವಳು ಹಿಡಿದಳು, ನಾನು ಹೊಡೆದೆ. ಧಣಿಗೂ ಹೇಳಲಿಲ್ಲ. "ಹತ್ತು ಜನಕ್ಕೆ ಗೊತ್ತಿದ್ರೆ ಅದು ಗುರುತಲ್ಲ" ಎಂದಿದ್ದಳು ಗಂಗಮ್ಮ.

ಇನ್ನೊಂದು ಉಪಾಯ ನನ್ನದೇ. ಮಿಷನ್ ನಿಂತ ತಕ್ಷಣ ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು. ಪ್ಲಗ್ ಇಲ್ಲದ ಮಿಷನ್ ಒಯ್ದವನಿಗೆ ಭಾರ ಮಾತ್ರ ಸಿಗುತ್ತದೆ. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಅದನ್ನು ಇಳಿಸಿದ್ದು ಜಗಳೂರು. ಅಲ್ಲಿನ ಮದುವೆಯೊಂದಕ್ಕೆ ಹಿಂದಿನ ದಿನವೇ ಹೋಗಿದ್ದೆವು. ಕರೆಂಟ್ ಇತ್ತು, ಮಿಷನ್ ಒಂದು ಸಲ ಓಡಿಸಿ ನೋಡಿ ನಿಲ್ಲಿಸಿದ್ದೆ. ಮೈಕಿಗೆ ಯಾವುದೋ ಸಾಮಾನು ಬೇಕೆಂದು ನಾನು ದಾವಣಗೆರೆ ಬಸ್ಸು ಹತ್ತಿದೆ. ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟಿತು. ಸಂಜೆ, ಬೀಗರನ್ನು ಎದುರುಗೊಳ್ಳುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತಂತೆ. ಖಾದರ್ ಹಗ್ಗ ಸುತ್ತಿ ಎಳೆದ, ಮದುಮಗಳ ಅಣ್ಣಂದಿರು ಎಳೆದರು, ಕೊನೆಗೆ ಪುರೋಹಿತರೂ ಒಂದು ಕೈ ನೋಡಿದರಂತೆ. ನಾನು ಬಂದು ಇಳಿದಾಗ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಎಲ್ಲ ನಡೆಯುತ್ತಿತ್ತು. ಪ್ಲಗ್ ನನ್ನ ಜೇಬಿನಲ್ಲಿತ್ತು.

ಮನೆಯ ಹಿರಿಯರು ಬೈಯಲಿಲ್ಲ. "ಬಾರಪ್ಪ. ಕಳ್ಳರು ಬಂದಿದ್ರೆ ಮಿಷನ್ ಒಂದೇ ಒಯ್ತಿದ್ರು. ನೀನು ಬೆಳಕೇ ಒಯ್ದಿದ್ದೆ" ಎಂದು ನನ್ನನ್ನು ಊಟಕ್ಕೆ ಕೂರಿಸಿದರು. ಅಂದಿನಿಂದ ಜೊತೆಗಾರ ಇದ್ದರೆ ಪ್ಲಗ್ ಅವನ ಕೈಗೆ, ನಾನೊಬ್ಬನೇ ಇದ್ದರೆ ಮಾತ್ರ ನನ್ನ ಜೇಬಿಗೆ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಎಂಬತ್ತರ ದಶಕ ಶುರುವಾಗಿತ್ತು. ನ್ಯಾಮತಿಯ ಒಂದು ಮದುವೆಗೆ ನಾಲ್ಕನೇ ಮಿಷನ್ ತೆಗೆದುಕೊಂಡು ನಾನೊಬ್ಬನೇ ಹೋಗಿದ್ದೆ. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಹೋಳಿಗೆ ಊಟ. ಬಲವಂತ ಮಾಡಿ ಬಡಿಸಿದರು, ನಾನೂ ಬೇಡ ಎನ್ನಲಿಲ್ಲ. ಮಿಷನ್ನನ್ನು ಬಸ್ಸಿನ ಟಾಪಿಗೆ ಹತ್ತಿಸಿ, ಹಗ್ಗದಲ್ಲಿ ಕಟ್ಟಿ, ಒಳಗೆ ಕೂತೆ. ಸರಪಳಿ, ಬೀಗ ಚೀಲದಲ್ಲೇ ಇದ್ದವು. ಹಗಲು ಹೊತ್ತು, ಚಲಿಸುವ ಬಸ್ಸು, ಏನಾಗುತ್ತದೆ ಎಂದುಕೊಂಡೆ. ಕೂತವನಿಗೆ ನಿದ್ದೆ ಹತ್ತಿತು. ಎರಡು ಬಸ್ಸು ಬದಲಾಯಿಸಿ ಬರುವ ದಾರಿಯಲ್ಲಿ, ಮೊದಲ ಬಸ್ಸು ಇಳಿದು ಏಣಿ ಹತ್ತಿ ನೋಡಿದರೆ ಟಾಪಿನ ಮೇಲೆ ಹಗ್ಗ ಮಾತ್ರ ಇತ್ತು. ಕಂಡಕ್ಟರ್, "ದಾರಿಯಾಗೆ ಎಷ್ಟೋ ಕಡೆ ಸಾಮಾನು ಇಳಿಸಿದ್ರು. ಮಿಷನ್ ನಿಮ್ಮದು ಅಂತ ನನಗೇನು ಗೊತ್ತು?" ಎಂದರು. ಅವರ ತಪ್ಪೇನೂ ಇರಲಿಲ್ಲ.

ಅಂಗಡಿಗೆ ಹೋಗಿ ನಡೆದದ್ದು ಹೇಳಿದೆ. ಧಣಿಯ ಭಾಮೈದ ಚಂದ್ರಣ್ಣ ಅಂಗಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಅವನು ನನ್ನ ಜೇಬಿನತ್ತ ಕೈ ತೋರಿಸಿ, "ಅದೇನು?" ಎಂದ. ಪ್ಲಗ್ ತೆಗೆದು ಮೇಜಿನ ಮೇಲಿಟ್ಟೆ.

"ಪ್ಲಗ್ ಜೋಪಾನ ಮಾಡಾಕೆ ಬಂತು, ಮಿಷನ್ ಮಾಡಾಕೆ ಬರಲಿಲ್ಲ. ಹೆಂಗೆ ಭಾವ ಇದು? ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ ಬಂದಾನೆ, ಓಡಿಸೋ ಪ್ಲಗ್ ಇವನ ಜೇಬಿನಾಗೈತೆ."

ಏಳೆಂಟು ವರ್ಷ ದುಡಿದ ಅಂಗಡಿ. ಅದರಲ್ಲಿ ಮೊದಲ ಸಲ ನನ್ನನ್ನು ಕಳ್ಳ ಎಂದರು. ನನ್ನ ಉಪಾಯವೇ ನನ್ನ ಮೇಲೆ ಸಾಕ್ಷಿ ಹೇಳಿತು. ಧಣಿ ಕೊನೆಗೆ, "ಎಂಟು ದಿನ ಬಿಡ್ತೀನಿ ಹನುಮಂತ. ಮಿಷನ್ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ಠಾಣೆಗೆ ಹೇಳ್ದೆ ಗತಿ ಇಲ್ಲ, ಅಲ್ಲಿಯೋರು ಮೊದಲು ಕರೆಯೋದು ನಿನ್ನನ್ನೇ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಇತ್ತು. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು.

ಮನೆಗೆ ಬಂದು ಹೇಳಿದೆ. ಗಂಗಮ್ಮ ಅಳಲಿಲ್ಲ. "ಬಸ್ಸು ಎಲ್ಲೆಲ್ಲಿ ನಿಂತಿತ್ತು?" ಎಂದು ಕೇಳಿದಳು. ನಿದ್ದೆ ಮಾಡಿದವನು ಏನು ಹೇಳಲಿ? ಬಸ್ಸು ದಿನಾ ನಿಲ್ಲುವ ಊರುಗಳನ್ನು ಹೇಳಿದೆ. ಅವಳು ಬೆರಳು ಮಡಿಚುತ್ತ ಹೋದಳು. ಪ್ರತಿ ಊರಿಗೂ ಅವಳ ಕಡೆಯವರು ಒಬ್ಬರಿದ್ದರು. ಚಿಕ್ಕಮ್ಮ, ಅತ್ತಿಗೆ, ಷಡ್ಡಕನ ತಂಗಿ. ಎಲ್ಲರೂ ಮನೆಮನೆಯ ಬಟ್ಟೆ ತರುವವರು.

"ಮಿಷನ್ ಬಚ್ಚಿಡಬೋದು. ಅದನ್ನ ಮುಟ್ಟಿದ ಬಟ್ಟೆ ಬಚ್ಚಿಡಾಕೆ ಆಗಲ್ಲ. ಒಗೆಯಾಕೆ ಹಾಕ್ಲೇಬೇಕು" ಎಂದಳು.

ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಹೋದಳು. ನಾನೂ ಬರುತ್ತೇನೆ ಎಂದದ್ದಕ್ಕೆ, "ನೀವು ಬಂದ್ರೆ ಪೋಲೀಸ್ ಬಂದಂಗೆ" ಎಂದಳು. ಮುಂದಿನದನ್ನು ಅವಳು ಬಂದ ಮೇಲೆ ಹೇಳಿದ್ದರಿಂದ ನನಗೆ ಗೊತ್ತು.

ಎರಡು ಊರು ಬಿಟ್ಟು ಮೂರನೆಯ ಊರಿನಲ್ಲಿ ಅವಳ ಸೋದರತ್ತೆ ಭರಮಕ್ಕ ಇದ್ದರು. ಊರಿನ ಹೆಸರು ನಾನು ಬರೆಯುವುದಿಲ್ಲ. ಗಂಗಮ್ಮ ವಿಷಯ ಹೇಳಿ, ಎಣ್ಣೆಕಪ್ಪು ಹತ್ತಿದ, ಸೀಮೆಎಣ್ಣೆ ವಾಸನೆಯ ಬಟ್ಟೆ ಯಾವುದಾದರೂ ಮನೆಯಿಂದ ಬಂದಿದೆಯಾ ಎಂದು ಕೇಳಿದಳು. ಭರಮಕ್ಕ ಬಟ್ಟೆ ಕುಕ್ಕುತ್ತಲೇ ಇದ್ದರಂತೆ. ಆಮೇಲೆ ಹೇಳಿದರಂತೆ: "ಗಂಗೀ, ಬಟ್ಟೆಯಾಗೆ ನಾವು ಏನೇನು ನೋಡಿಲ್ಲ? ಯಾರ ಮನೆ ಸೀರೆ, ಯಾರ ಮನೆ ಹಾಸಿಗೆ. ಒಂದಾರ ಹೊರಗೆ ಹೇಳಿದೀವಾ? ಹೇಳಿದ್ರೆ ನಾಳೆ ಯಾರು ನಮಗೆ ಬಟ್ಟೆ ಹಾಕ್ತಾರೆ?"

"ನನ್ನ ಗಂಡನ್ನ ಠಾಣೆಗೆ ಹಾಕ್ತಾರೆ ಅತ್ತೆ."

"ಅದೂ ಖರೆ. ಆದ್ರೆ ಹೆಸರು ನನ್ನ ಬಾಯಾಗೆ ಬರಲ್ಲ."

ಗಂಗಮ್ಮ ಜಗಳ ಮಾಡಲಿಲ್ಲ. ಸೆರಗು ಕಟ್ಟಿ ನೀರಿಗಿಳಿದು ಅತ್ತೆಯ ಜೊತೆ ಬಟ್ಟೆ ಒಗೆಯತೊಡಗಿದಳು. ಸಂಜೆಯವರೆಗೆ ಇಬ್ಬರೂ ಒಗೆದರು. ಒಂದು ಗಂಟನ್ನು ಮಾತ್ರ ಭರಮಕ್ಕ ಬಿಚ್ಚದೆ ಬಂಡೆಯ ಮೇಲೆ ಬೇರೆ ಇಟ್ಟಿದ್ದರು.

ಮಾರನೇ ಬೆಳಿಗ್ಗೆ ಭರಮಕ್ಕ ಆ ಗಂಟನ್ನು ಒಗೆಯದೆ ಹಾಗೇ ಹೊತ್ತುಕೊಂಡು ಹೋಗಿ, ಅದು ಬಂದ ಮನೆಯ ಜಗಲಿ ಮೇಲೆ ಇಟ್ಟರು. ಗಂಗಮ್ಮ ಬೀದಿಯ ತಿರುವಿನಲ್ಲಿ ನಿಂತಿದ್ದಳು. ಮಡಿವಾಳರು ಬಟ್ಟೆಯನ್ನು ಒಗೆಯದೆ ತಿರುಗಿ ತಂದರೆ ಹಳ್ಳಿಯಲ್ಲಿ ಅದು ಸಣ್ಣ ಮಾತಲ್ಲ. ಆ ಮನೆಯಲ್ಲಿ ಏನೋ ನಡೆದಿದೆ ಎಂದು ನಾಲ್ಕು ಮನೆಯವರು ನಿಂತು ನೋಡುತ್ತಾರೆ. ಆ ಮನೆಯ ಹೆಂಗಸು ಹೊರಗೆ ಬಂದು, "ಇದೇನು ಭರಮಕ್ಕ, ಹಂಗೇ ತಂದೀಯಲ್ಲ?" ಎಂದಳು.

"ಈ ಎಣ್ಣೆ ನನ್ನ ಕೈಯಾಗೆ ಹೋಗಲ್ಲವ್ವ. ಉಬ್ಬೆಗೆ ಹಾಕಿ ಬೇಯಿಸಿದ್ರೂ ಹೋಗಲ್ಲ. ಎಲ್ಲಿಂದ ಬಂತೋ ಅಲ್ಲಿಗೆ ಹೋದ್ರೇ ಹೋಗೋದು. ಆಮೇಲೆ ತಾ, ಒಗೀತೀನಿ."

ಇಷ್ಟೇ ಹೇಳಿ ಬಂದರು. ದನಿ ಏರಿಸಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಇಬ್ಬರೂ ಒಗೆಯಲು ಹೋದಾಗ ಬಂಡೆಯ ಪಕ್ಕ ಜೋಳದ ಸೊಪ್ಪೆಯ ಹೊರೆ ಇತ್ತು. ಅದರ ಕೆಳಗೆ ಮಿಷನ್. ಕೆಂಪು ಅಕ್ಷರ ಕೆರೆದುಹಾಕಿ ಮೇಲೆ ಹಸಿರು ಬಣ್ಣ ಬಳಿದಿದ್ದರು. ಸೊಪ್ಪೆಯ ಆಚೆ ಬದಿಯಲ್ಲಿ ಆ ಬಟ್ಟೆಯ ಗಂಟು. ಭರಮಕ್ಕ ಅವತ್ತೇ ಅದನ್ನು ಒಗೆದುಕೊಟ್ಟರು.

ಗಂಗಮ್ಮ ಮಿಷನ್ನನ್ನು ಬಸ್ಸಿನ ಟಾಪಿಗೆ ಹಾಕಿಸಲಿಲ್ಲ. ಕಂಡಕ್ಟರ್ ಹತ್ತಿರ ವಾದ ಮಾಡಿ ಒಳಗೆ, ತನ್ನ ಕಾಲಿನ ಹತ್ತಿರ ಇಡಿಸಿಕೊಂಡು, ಆರನೇ ದಿನ ಚನ್ನಗಿರಿಗೆ ತಂದಳು. ನಾನೂ ಅವಳೂ ಕೋಲಿಗೆ ಕಟ್ಟಿ ಅಂಗಡಿಗೆ ಹೊತ್ತೆವು.

ಚಂದ್ರಣ್ಣ ಒಂದು ಸುತ್ತು ಹಾಕಿ ನೋಡಿದ. "ನಮ್ಮದು ಕೆಂಪು ಅಕ್ಷರದ್ದು. ಇದು ಹಸಿರು. ಎಲ್ಲಿಯದೋ ಹಳೇದು ತಂದು ನಮ್ಮದು ಅಂತೀಯೇನು?"

ನಾನು ಬಿಚ್ಚುವ ಮೊದಲೇ ಹೇಳಿದೆ, ಫ್ಯಾನ್ ಮುಚ್ಚಳದ ಒಳಗೆ ಒಂದು ಗೀಟು, ನಾಲ್ಕು ಚುಕ್ಕಿ ಇದೆ ಎಂದು. ಅಂಗಡಿಯಲ್ಲಿದ್ದ ಬೇರೆ ಮಿಷನ್ನುಗಳನ್ನೂ ಧಣಿಯ ಕೈಯಿಂದಲೇ ಬಿಚ್ಚಿಸಿದೆ. ಒಂದು ಚುಕ್ಕಿ, ಎರಡು, ಮೂರು, ಐದು. ಕೊನೆಗೆ ಹಸಿರು ಮಿಷನ್ ಬಿಚ್ಚಿದರು. ನಾಲ್ಕು. ಧಣಿ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ, "ಯಾರ ಕೆಲಸ ಇದು?" ಎಂದರು. ಗಂಗಮ್ಮನನ್ನು ತೋರಿಸಿದೆ.

ಚಂದ್ರಣ್ಣ ಬಿಡಲಿಲ್ಲ. "ಮಿಷನ್ ಬಂತು, ಕಳ್ಳ ಎಲ್ಲಿ? ಈಕೆಗೆ ಗೊತ್ತೈತೆ. ಹೇಳಮ್ಮ, ಯಾರ ಮನೆ?"

ಗಂಗಮ್ಮ ಧಣಿಯ ಕಡೆ ತಿರುಗಿ ಹೇಳಿದಳು. "ಮಿಷನ್ ಬೇಕು ಅಂದಿದ್ರಿ, ತಂದೀನಿ ಧಣಿ. ಹೆಸರೂ ಬೇಕು ಅಂತ ಮೊದಲೇ ಅಂದಿದ್ರೆ ನಾನು ಹೋಗ್ತಿರಲಿಲ್ಲ."

"ಗಂಡನ ಕೆಲಸ ಹೋದ್ರೂನೂ?" ಎಂದ ಚಂದ್ರಣ್ಣ.

"ಹೋದ್ರೆ ಒಗೆಯೋ ಬಂಡೆ ಐತೆ. ನಮ್ಮತ್ತೆ ಮಾತು ಹೋದ್ರೆ ಬಂಡೆನೂ ಇರಲ್ಲ."

ಧಣಿ ಸಣ್ಣಗೆ ನಕ್ಕು, "ಸುಮ್ನಿರೋ ಚಂದ್ರು. ನಮ್ಮ ಮನೆ ಬಟ್ಟೆನೂ ಇವರ ಪೈಕಿಯೋರೇ ಒಗೆಯೋದು. ನಿನ್ನ ಅಂಗಿ ಏನೇನು ಹೇಳೈತೋ ಅವರಿಗೆ" ಎಂದರು. ಚಂದ್ರಣ್ಣ ಮತ್ತೆ ಆ ಮಾತು ಎತ್ತಲಿಲ್ಲ. ಅವನ ಮೇಲೆ ನನಗೆ ಕೋಪವೇನೂ ಉಳಿದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಆ ಪ್ಲಗ್ ನೋಡಿ ಹಾಗೇ ಅನ್ನುತ್ತಿದ್ದೆನೇನೋ.

ಆಮೇಲೆ ಅಂಗಡಿಯಲ್ಲಿ ಕ್ರಮ ಬದಲಾಯಿತು. ಕಬ್ಬಿಣದ ಚೌಕಟ್ಟು ಮಾಡಿಸಿ ಪ್ರತಿ ಮಿಷನ್ನನ್ನೂ ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದೆವು. ಚೌಕಟ್ಟಿಗೆ ಸರಪಳಿ, ಸರಪಳಿಗೆ ಬೀಗ, ಆ ಬೀಗ ಮನೆಯ ಕಂಬಕ್ಕೆ. ಬಸ್ಸಿನ ಟಾಪಿಗೆ ಹಾಕುವುದು ನಿಂತೇಹೋಯಿತು. ಹೊಸ ಮಿಷನ್ ಬಂದಾಗಲೆಲ್ಲ ಧಣಿ, "ಗಂಗಮ್ಮನ್ನ ಕರಿ, ಚುಕ್ಕಿ ಇಡ್ಲಿ" ಎನ್ನುತ್ತಿದ್ದರು. ನೀವು ಈಗ ಇಡುವ ಡಬ್ಬಿ ಒಳ್ಳೆಯದು, ಖಂಡಿತ ಇಡಿ. ಆದರೆ ಬ್ಯಾಟರಿ ಮುಗಿದ ದಿನಕ್ಕಾಗಿ ಒಳಗೆಲ್ಲಾದರೂ ನಿಮಗೆ ಮಾತ್ರ ಗೊತ್ತಿರುವ ಒಂದು ಗುರುತೂ ಇರಲಿ. ಊಟವಾದ ಮೇಲೆ ಮಿಷನ್ನಿನ ಪಕ್ಕ ಬಿಟ್ಟು ಬೇರೆಲ್ಲೂ ಮಲಗಬೇಡಿ.

ಆ ಊರಿಗೆ ಆಮೇಲೆ ಎಷ್ಟೋ ಸಲ ಹೋದೆ. ಮದುವೆ, ನಾಮಕರಣ, ಶಾಲೆಯ ಕಾರ್ಯಕ್ರಮ, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಮೊದಮೊದಲು ಬಾಗಿಲು ಬಾಗಿಲಲ್ಲೂ, ಇದೇ ಮನೆಯಿರಬಹುದೇ ಎಂದು ಅನ್ನಿಸುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ಅದು ತಾನಾಗಿ ಹೋಯಿತು. ಎಲ್ಲರ ಮನೆಯಲ್ಲೂ ಉಂಡೆ, ಎಲ್ಲರೂ ಹನುಮಂತಣ್ಣ ಎಂದು ಕರೆದರು. ಅವರಲ್ಲಿ ಒಬ್ಬರು ನನ್ನ ಮಿಷನ್ ಕದ್ದವರು. ನಗುನಗುತ್ತ ನನಗೆ ಚಹಾ ಕೊಟ್ಟಿದ್ದಾರೆ, ನಾನು ನಗುನಗುತ್ತ ಕುಡಿದಿದ್ದೇನೆ.

ಗಂಗಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ವಾರದ ಒಂದು ಮಧ್ಯಾಹ್ನ ಸ್ವಲ್ಪ ಗೆಲುವಾಗಿದ್ದಳು. ಭರಮಕ್ಕ ತೀರಿಕೊಂಡು ಆಗಲೇ ಹಲವು ವರ್ಷ ಆಗಿತ್ತು. ಅದೂ ಇದೂ ಮಾತನಾಡುತ್ತ, ತಾನಾಗಿಯೇ ಕೇಳಿದಳು.

"ಇಷ್ಟು ವರ್ಷ ಆದ್ರೂ ಒಂದು ಸಲ ಆ ಮನೆ ಯಾವುದು ಅಂತ ನನ್ನ ಕೇಳಲಿಲ್ಲ ನೀವು. ಈಗ ಬೇಕಾ?"

ನಾನು ಯೋಚನೆ ಮಾಡಿದೆ. ಆ ಊರಿನ ಚಪ್ಪರಗಳು, ಬಡಿಸಿದ ಕೈಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಒಂದನ್ನು ಬೇರೆ ಮಾಡಿ ಇಡಲು ನನಗೆ ಮನಸ್ಸಾಗಲಿಲ್ಲ.

"ಬ್ಯಾಡ ಕಣೆ" ಎಂದೆ. "ಎಲ್ಲರೂ ಒಳ್ಳೆಯೋರಾಗೇ ಇರ್ಲಿ."

"ಹೂಂ" ಎಂದು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, ನಿದ್ದೆ ಬಂದಿದೆ ಎಂದು ನಾನು ಅಂದುಕೊಂಡಾಗ, ನನ್ನ ಕೈ ಹಿಡಿದುಕೊಂಡಳು.